ಅದು ನಿಮ್ಮ ಓಟು, ನಮ್ಮದು ನಾಳೆ



ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು ನಾನು. ‘ಮತದಾನದ ಪ್ರಯುಕ್ತ ಸಾರ್ವತ್ರಿಕ ರಜೆ’ ಎಂದು ಸುದ್ದಿ ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದೆವು. ಶಾಲೆಗೆ ರಜೆ ನಿಜ, ಏಕೆಂದರೆ ಶಾಲೆಯೇ ಮತಗಟ್ಟೆ. ಮೇಷ್ಟ್ರಿಗೆಲ್ಲಿಯ ರಜೆ? ಏಪ್ರಿಲ್, ಮೇ ತಿಂಗಳಲ್ಲಿ ಚುನಾವಣೆ ಬಂತೆಂದರೆ ಇದ್ದ ಬೇಸಿಗೆ ರಜೆಗೂ ಕತ್ತರಿ. ಬ್ಯಾಗಿಗೆ ಒಂದು ಬೆಡ್‌ಶೀಟು, ಒಂದು ಜೊತೆ ಬಟ್ಟೆ, ಸೊಳ್ಳೆಬತ್ತಿ, ವಯಸ್ಸಾದವರಾದರೆ ಬಿಪಿ ಮಾತ್ರೆ ಹಾಕಿಕೊಂಡು ಹಿಂದಿನ ದಿನ ಬೆಳಿಗ್ಗೆಯೇ ಮಸ್ಟರಿಂಗ್‌ಗೆ, ಅಂದರೆ ಚುನಾವಣೆಯ ಸಾಮಗ್ರಿ ಹಂಚುವ ಕೇಂದ್ರಕ್ಕೆ, ಹೋಗಬೇಕು. ಅಲ್ಲಿ ಮೈಕಿನಲ್ಲಿ ಹೆಸರು ಕೂಗುತ್ತಾರೆ. ಯಂತ್ರ ಎಣಿಸಿಕೊಳ್ಳಬೇಕು, ಶಾಯಿ ಬಾಟಲು ಸೋರುತ್ತಿದೆಯೇ ನೋಡಬೇಕು, ಅರಗು, ದಾರ, ಫಾರಂಗಳು ಸರಿಯಿವೆಯೇ ತಾಳೆ ಹಾಕಬೇಕು. ಸಂಜೆ ಹೊತ್ತಿಗೆ ಬಸ್ಸು ಯಾವುದೋ ಶಾಲೆಯ ಮುಂದೆ ನಮ್ಮನ್ನು ಇಳಿಸಿ ಹೋಗುತ್ತದೆ. ರಾತ್ರಿ ಎರಡು ಬೆಂಚು ಜೋಡಿಸಿಕೊಂಡು ಮಲಗಿದರೆ ನಿದ್ದೆ ಬರುವುದು ನಾಲ್ಕು ಗಂಟೆಗೆ, ಏಳಬೇಕಾದ್ದೂ ನಾಲ್ಕೂವರೆಗೆ. ಏಜೆಂಟರ ಎದುರಿಗೆ ಅಣಕು ಮತದಾನ ಮುಗಿಸಿ, ಅದನ್ನು ಅಳಿಸಿ, ಯಂತ್ರಕ್ಕೆ ಮೊಹರು ಹಾಕಿ ಏಳಕ್ಕೆ ಸರಿಯಾಗಿ ಬಾಗಿಲು ತೆರೆಯಬೇಕು.

ಹೀಗೆ ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಲ್ಲ ಸೇರಿ ನಾನು ಎಷ್ಟೋ ಚುನಾವಣೆ ಮಾಡಿದ್ದೇನೆ. ನಮ್ಮಲ್ಲಿ ‘ಚುನಾವಣೆ ಮಾಡಿದೆ’ ಎಂದರೆ ನಿಂತು ಗೆದ್ದೆ ಎಂದಲ್ಲ, ಡ್ಯೂಟಿ ಮಾಡಿದೆ ಎಂದರ್ಥ. ಅದಕ್ಕೇ ಇರಬೇಕು, ಈ ಮತದಾನದ ರಜೆ ಎಂಬುದನ್ನು ನಾನು ಯಾವಾಗಲೂ ಹೊರಗಿನವನಾಗಿ ನೋಡಿದ್ದೇನೆ. ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ಮತಗಟ್ಟೆಯ ಮೇಜಿನ ಹಿಂದೆ ಕುಳಿತವನಿಗೆ ಚೆನ್ನಾಗಿ ಕಾಣುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಮತದಾನದ ದಿನ ರಜೆ ಕೊಡುವುದು ಸರ್ಕಾರದ ಔದಾರ್ಯ, ಮಾಲೀಕರ ದೊಡ್ಡತನ ಎಂದು ಬಹಳ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಗೆ 1996ರಲ್ಲಿ ಒಂದು ತಿದ್ದುಪಡಿ ಬಂತು. ಒಬ್ಬ ಅಭ್ಯರ್ಥಿ ಎರಡಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ನಿಲ್ಲಬಾರದು ಎಂದದ್ದು, ಪ್ರಚಾರದ ಅವಧಿಯನ್ನು ಇಪ್ಪತ್ತು ದಿನದಿಂದ ಹದಿನಾಲ್ಕಕ್ಕೆ ಇಳಿಸಿದ್ದು ಇದೇ ತಿದ್ದುಪಡಿ. ಅದರಲ್ಲೇ 135-ಬಿ ಎಂಬ ಕಲಂ ಸೇರಿತು. ಯಾವುದೇ ವ್ಯಾಪಾರ, ಕೈಗಾರಿಕೆ ಅಥವಾ ಇತರ ಸಂಸ್ಥೆಯಲ್ಲಿ ಕೆಲಸ ಮಾಡುವ, ಲೋಕಸಭೆ ಅಥವಾ ವಿಧಾನಸಭೆಗೆ ಮತ ಹಾಕುವ ಹಕ್ಕಿರುವ ಪ್ರತಿಯೊಬ್ಬನಿಗೂ ಮತದಾನದ ದಿನ ರಜೆ ಕೊಡಬೇಕು, ಸಂಬಳ ಹಿಡಿಯಬಾರದು ಎನ್ನುತ್ತದೆ ಅದು. ದಿನಗೂಲಿಯವನಿಗೆ ಕೆಲಸಕ್ಕೆ ಬಾರದ ದಿನ ಕೂಲಿ ಇಲ್ಲವಷ್ಟೆ? ಈ ಒಂದು ದಿನ ಮಾತ್ರ, ಬಾರದಿದ್ದರೂ ಕೂಲಿ ಕೊಡಬೇಕು ಎಂದೂ ಅದರಲ್ಲಿ ಬರೆದಿದೆ. ಈ ಕಲಂ ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಗಾರೆ ಕೆಲಸದವನನ್ನೂ, ಹಮಾಲಿಯನ್ನೂ ನೆನಪಿಟ್ಟುಕೊಂಡು ಬರೆದ ಕಾನೂನು ನಮ್ಮಲ್ಲಿ ಎಷ್ಟಿವೆ ಹೇಳಿ!

ಅಲ್ಲಿಂದ ಮುಂದಿನ ಸಾಲಿಗೆ ಬನ್ನಿ. ರಜೆ ಕೊಡದ ಮಾಲೀಕನಿಗೆ ದಂಡ ಎಷ್ಟು? 500 ರೂಪಾಯಿಯವರೆಗೆ. ಅದಕ್ಕೂ ಮುಂದಿನ ಸಾಲು: ಕೆಲಸಗಾರ ಇಲ್ಲದಿದ್ದರೆ ಅಪಾಯವೋ ಗಣನೀಯ ನಷ್ಟವೋ ಆಗುವಂತಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ. ಆಸ್ಪತ್ರೆಯ ನರ್ಸು, ವಿದ್ಯುತ್ ಕೇಂದ್ರದ ಆಪರೇಟರು, ಸರಿ, ಒಪ್ಪೋಣ. ಆದರೆ ‘ಗಣನೀಯ ನಷ್ಟ’ ಎಷ್ಟೆಂದು ಅಳೆಯುವವರು ಯಾರು? ಕೆಲಸಕ್ಕೆ ಇಟ್ಟುಕೊಂಡವರೇ.

ಈಗ ಬೆಂಗಳೂರಿಗೆ ಬರೋಣ. ಮತದಾನದ ರಜೆಯ ಮಾತು ಬಂದರೆ ಈ ಊರಿಗೆ ಬಾರದೆ ಗತಿಯಿಲ್ಲ.

2019ರ ಏಪ್ರಿಲ್ 18, ಗುರುವಾರ, ಇಲ್ಲಿ ಲೋಕಸಭೆಗೆ ಮತದಾನ. ಹಿಂದಿನ ದಿನ ಬುಧವಾರ ಮಹಾವೀರ ಜಯಂತಿ. ಮರುದಿನ ಶುಭ ಶುಕ್ರವಾರ. ಆಮೇಲೆ ಶನಿವಾರ, ಭಾನುವಾರ. ಕ್ಯಾಲೆಂಡರು ಬಾಳೆಎಲೆ ಹಾಸಿ ಬಡಿಸಿದ ಹಾಗೆ ಐದು ದಿನ ಸಾಲಾಗಿ ಬಡಿಸಿತ್ತು. ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಮಗನ ಸ್ನೇಹಿತರು ತಿಂಗಳು ಮುಂಚೆಯೇ ಮಡಿಕೇರಿಯಲ್ಲಿ ಹೋಂಸ್ಟೇ ಕಾಯ್ದಿರಿಸಿಬಿಟ್ಟಿದ್ದರು. ಬೆಂಗಳೂರಿನ ಮೂರೂ ನಗರ ಕ್ಷೇತ್ರಗಳಲ್ಲಿ ಮತ ಹಾಕಿದವರು ನೂರಕ್ಕೆ 54ರ ಆಸುಪಾಸು. ಇದು ಚುನಾವಣಾ ಆಯೋಗಕ್ಕೂ ಪಾಠವಾಗಿರಬೇಕು. 2023ರ ವಿಧಾನಸಭೆ ಚುನಾವಣೆಗೆ ಮೇ 10, ಬುಧವಾರವನ್ನೇ ಆರಿಸಿದರು. ಸೋಮವಾರ, ಶುಕ್ರವಾರವಾದರೆ ವಾರದ ಕೊನೆಗೆ ಅಂಟಿಕೊಳ್ಳುತ್ತದೆ, ಮಂಗಳವಾರವಾದರೂ ಒಂದು ದಿನ ರಜೆ ಹಾಕಿದರೆ ಸಾಕು, ಬುಧವಾರವಾದರೆ ಅಷ್ಟು ಸುಲಭವಲ್ಲ ಎಂಬ ಅರ್ಥದಲ್ಲಿ ಮುಖ್ಯ ಚುನಾವಣಾ ಆಯುಕ್ತ ರಾಜೀವ್ ಕುಮಾರ್ ದಿನಾಂಕ ಪ್ರಕಟಿಸುವಾಗಲೇ ಹೇಳಿದ್ದರು. ಮದುವೆಗೆ ಮುಹೂರ್ತ ನೋಡುವ ಹಾಗೆ ಚುನಾವಣೆಗೆ ವಾರ ನೋಡುವ ಕಾಲ ಬಂತು! ಆ ವರ್ಷ ರಾಜ್ಯದಲ್ಲಿ ನೂರಕ್ಕೆ 73ಕ್ಕೂ ಹೆಚ್ಚು ಮತ ಬಿತ್ತು. ಬೆಂಗಳೂರು ಮಾತ್ರ 55ರ ಸುತ್ತಮುತ್ತಲೇ ನಿಂತಿತು. ಬುಧವಾರ ಕೂಡ ಅದನ್ನು ಕದಲಿಸಲಿಲ್ಲ. ಮರುವರ್ಷ 2024ರ ಏಪ್ರಿಲ್ 26, ಮತ್ತೆ ಲೋಕಸಭೆ. ಆ ದಿನ ಶುಕ್ರವಾರ. ಇನ್ನೇನು ಹೇಳುವುದು? ಹೋಟೆಲಿನವರು ಬೆರಳಿನ ಶಾಯಿ ತೋರಿಸಿದವರಿಗೆ ದೋಸೆ ಕೊಟ್ಟರು, ಲಾಡು ಕೊಟ್ಟರು. ಬೆಂಗಳೂರು ದಕ್ಷಿಣದಲ್ಲಿ ಮತ ಬಿದ್ದದ್ದು ನೂರಕ್ಕೆ 53. ಅದೇ ದಿನ, ಅದೇ ಬಿಸಿಲಿನಲ್ಲಿ, ನೂರು ಕಿಲೋಮೀಟರು ಆಚೆಗಿನ ಮಂಡ್ಯದಲ್ಲಿ 81ಕ್ಕೂ ಹೆಚ್ಚು.

ಮಂಡ್ಯದವರಿಗೆ ರಜೆ ಕೊಟ್ಟವರು ಯಾರು? ನಮ್ಮ ಅಕ್ಕನ ಮನೆ ಮದ್ದೂರಿನ ಹತ್ತಿರದ ಹಳ್ಳಿಯಲ್ಲಿದೆ. ಅಲ್ಲಿ ಮತದಾನದ ದಿನವೂ ಹಸು ಹಾಲು ಕೊಡುತ್ತದೆ, ಡೇರಿ ತೆರೆಯುತ್ತದೆ. ಬೆಳಿಗ್ಗೆ ಕ್ಯಾನು ಹಿಡಿದು ಡೇರಿಯ ಮುಂದೆ ನಿಂತ ಸಾಲೇ, ಹಾಲು ಹಾಕಿ, ಫ್ಯಾಟು ಬರೆಸಿಕೊಂಡು, ಖಾಲಿ ಕ್ಯಾನಿನೊಂದಿಗೆ ಶಾಲೆಯ ಮುಂದಕ್ಕೆ ಸರಿದು ನಿಲ್ಲುತ್ತದೆ. ಎಂಟೂವರೆಗೆ ಓಟು ಹಾಕಿ ಬಂದು ಮುದ್ದೆ ಉಂಡು ಗದ್ದೆಗೆ ಹೋಗುತ್ತಾರೆ. ರೈತನ ಬದುಕಿನಲ್ಲಿ ‘ವೇತನಸಹಿತ ರಜೆ’ ಎಂಬ ಮಾತಿಗೆ ಅರ್ಥವೇ ಇಲ್ಲ. ಆ ದಿನದ ಮಟ್ಟಿಗೆ ಜಿಲ್ಲಾಧಿಕಾರಿಗಳು ಸಂತೆಯನ್ನು, ಜಾತ್ರೆಯನ್ನು ಮುಂದೂಡುತ್ತಾರೆ, ಅಷ್ಟೇ ಹಳ್ಳಿಗೆ ಸಿಗುವ ರಜೆ. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಕಾಡಿನ ನಡುವೆ ಬಾಂಜಾರುಮಲೆ ಎಂಬ ಪುಟ್ಟ ಊರಿದೆ. ಮಲೆಕುಡಿಯ ಜನ. ಅಲ್ಲಿಯ ಮತದಾರರು 111. ಅದೇ ಏಪ್ರಿಲ್ 26ರಂದು 111 ಜನವೂ ಮತ ಹಾಕಿದರು. ನೂರಕ್ಕೆ ನೂರು.

ಹಾಗೆಂದು ಬೆಂಗಳೂರಿನವರನ್ನೆಲ್ಲ ಸೋಮಾರಿಗಳೆಂದು ಬೈಯುವ ಜಾತಿಗೆ ನಾನು ಸೇರಿದವನಲ್ಲ. ಬೈಯುವವರು ಒಮ್ಮೆ ಮತಗಟ್ಟೆಯ ಅಧಿಕಾರಿಯ ಕೈಯಲ್ಲಿರುವ ಎಎಸ್‌ಡಿ ಪಟ್ಟಿ ನೋಡಬೇಕು. ಮನೆಯಲ್ಲಿ ಸಿಗದವರು, ಮನೆ ಬದಲಾಯಿಸಿದವರು, ತೀರಿಕೊಂಡವರು, ಈ ಮೂರು ಬಗೆಯವರ ಹೆಸರು ಗುರುತು ಹಾಕಿ ಕೊಡುವ ಪಟ್ಟಿ ಅದು. ಹಳ್ಳಿಯ ಬೂತಿನಲ್ಲಿ ಒಂದು ಹಾಳೆ. ಬೆಂಗಳೂರಿನ ಬಾಡಿಗೆ ಮನೆಗಳ ಬಡಾವಣೆಯಲ್ಲಿ ಅದು ಹಾಳೆಗಟ್ಟಲೆ. ಹನ್ನೊಂದು ತಿಂಗಳ ಕರಾರು ಮುಗಿದು ಬಾಡಿಗೆದಾರ ಹೊರಟುಹೋಗಿರುತ್ತಾನೆ, ಹೆಸರು ಮಾತ್ರ ಅಲ್ಲೇ ಉಳಿದಿರುತ್ತದೆ. ಊರಲ್ಲೇ ಇಲ್ಲದವನು, ಲೋಕದಲ್ಲೇ ಇಲ್ಲದವನು ಕೂಡ ‘ಮತ ಹಾಕದ ಬೆಂಗಳೂರಿಗ’ ಎಂಬ ಲೆಕ್ಕಕ್ಕೆ ಸೇರುತ್ತಾನೆ. ಇನ್ನು ಈ ಊರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ ಎಂಬುದನ್ನು ನೆನೆದರೆ, ಜನರಿಗೆ ಮಾತ್ರ ಬುದ್ಧಿ ಹೇಳುವವರ ಬಾಯಿ ಸ್ವಲ್ಪ ಕಟ್ಟಬೇಕು.

ನಾನು ಹೇಳಬೇಕೆಂದಿರುವುದು ಮಡಿಕೇರಿಗೆ ಹೋದವರ ವಿಷಯವಲ್ಲ. ಅವರಿಗೆ ರಜೆ ಸಿಕ್ಕಿತ್ತು, ಮತ ಹಾಕಲಿಲ್ಲ, ಅದು ಅವರ ಇಷ್ಟ. ಮತ ಹಾಕಲು ಮನಸ್ಸಿದ್ದೂ ರಜೆ ಸಿಗದವರ ವಿಷಯ ಹೇಳುತ್ತೇನೆ.

2018ರ ಮೇ 12, ಶನಿವಾರ. ವಿಧಾನಸಭೆ ಚುನಾವಣೆ. ಬೆಂಗಳೂರಿನ ಅಂಚಿನ ಒಂದು ಬೂತಿನಲ್ಲಿ ನಾನು ಪಿಆರ್‌ಓ, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಬೆಳಿಗ್ಗೆ ವಾಕಿಂಗ್ ಬೂಟು ಹಾಕಿಕೊಂಡ ಹಿರಿಯರ ಸಾಲು. ಹನ್ನೊಂದರ ಹೊತ್ತಿಗೆ ಸಂಸಾರಸ್ಥರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನೊಣ ಹೊಡೆಯುವ ಹಾಗೆ ಖಾಲಿ. ನಮ್ಮ ಪೋಲಿಂಗ್ ಆಫೀಸರೊಬ್ಬರು ಕುಳಿತಲ್ಲೇ ತೂಕಡಿಸಿದರು, ನಾನೂ ಎಬ್ಬಿಸಲಿಲ್ಲ.

ಐದೂಮುಕ್ಕಾಲಿಗೆ ಗೇಟಿನ ಹತ್ತಿರ ಒಮ್ಮೆಗೇ ಸದ್ದಾಯಿತು. ಹದಿನೈದಿಪ್ಪತ್ತು ಜನ ಹೆಂಗಸರು, ಹೆಗಲಲ್ಲಿ ಊಟದ ಬ್ಯಾಗು, ಕೊರಳಲ್ಲಿ ಇನ್ನೂ ತೆಗೆಯದ ಗುರುತಿನ ಚೀಟಿ. ಗಾರ್ಮೆಂಟ್ಸಿನವರು. ಕೆಲವರ ತಲೆಗೂದಲಿಗೆ ಬಟ್ಟೆಯ ಹಿಂಜು ಅಂಟಿತ್ತು. ಸಾಲಿನಲ್ಲಿ ನಿಲ್ಲಿಸಿ, ಗುರುತು ನೋಡುತ್ತಾ ಕೇಳಿದೆ, “ಏನಮ್ಮ, ಇವತ್ತು ರಜ ಕೊಡಲಿಲ್ವಾ?”

“ರಜಾನೇ ಸಾರ್. ಬೋರ್ಡಲ್ಲಿ ಹಾಕವ್ರೆ. ಆದ್ರೆ ಇವತ್ತು ರಜ ತಗೊಂಡ್ರೆ ನಾಳೆ ಭಾನುವಾರ ಬಂದು ಮಾಡ್ಬೇಕು ಅಂದ್ರು. ಶಿಪ್‌ಮೆಂಟ್ ಐತಂತೆ. ಭಾನುವಾರ ಒಂದೇ ಅಲ್ವಾ ಸಾರ್ ನಮಗೆ ಬಟ್ಟೆ ಒಗೆಯೋಕೆ?”

ಇದು ರಜೆಯೇ ಅಲ್ಲ, ಬದಲಿ ಕೆಲಸ. ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು. ದೂರು ಕೊಡಿ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. 500 ರೂಪಾಯಿ ದಂಡ ಕಟ್ಟಿದ ಕಾರ್ಖಾನೆ ಸೋಮವಾರ ಇವರನ್ನು ಗೇಟಿನ ಒಳಗೆ ಬಿಡುತ್ತದೆಯೇ?

ಆರು ಗಂಟೆಗೆ ನಿಯಮದಂತೆ ಚೀಟಿ ಹಂಚಿದೆ. ಕೇಳುಗರಿಗೆ ಗೊತ್ತಿರಲಿಕ್ಕಿಲ್ಲ, ಆರರ ಹೊಡೆತಕ್ಕೆ ಸಾಲಿನಲ್ಲಿ ಎಷ್ಟು ಜನ ಇದ್ದಾರೋ ಅವರೆಲ್ಲರಿಗೂ ಸಹಿ ಮಾಡಿದ ಚೀಟಿ ಕೊಡಬೇಕು. ಕೊಡುವುದು ಸಾಲಿನ ಬಾಲದಿಂದ. ಕೊನೆಯವರಿಗೆ ಒಂದನೆಯ ನಂಬರು, ಅಲ್ಲಿಂದ ಮುಂದಕ್ಕೆ. ಹಾಗೆ ಮಾಡಿದರೆ ಹಿಂದಿನಿಂದ ಯಾರೂ ಬಂದು ಸೇರಲಾರರು. ಒಳ್ಳೆಯ ಉಪಾಯ. ಚೀಟಿ ಹಂಚಿ ಮುಗಿಸಿ, ಪೊಲೀಸಿನವರು ಗೇಟು ಹಾಕಿದ ಎರಡು ನಿಮಿಷಕ್ಕೆ ಮತ್ತೊಬ್ಬ ಹೆಣ್ಣುಮಗಳು ಓಡಿ ಬಂದಳು. ಅದೇ ಬ್ಯಾಗು, ಅದೇ ಚೀಟಿ. ಗೇಟಿನ ಸರಳು ಹಿಡಿದು ನಿಂತಳು. ನಾನು ಹೋಗಿ “ಟೈಮ್ ಮುಗೀತಮ್ಮ” ಎಂದೆ. ಆಕೆ ಜಗಳ ತೆಗೆಯಲಿಲ್ಲ. “ಬಸ್ ಸಿಗಲಿಲ್ಲ ಸಾರ್. ಬಸ್ಸೆಲ್ಲ ಎಲೆಕ್ಷನ್‌ಗೆ ಹೋಗವಂತಲ್ಲ” ಎಂದಳು. ಮತಗಟ್ಟೆಗೆ ನಮ್ಮನ್ನು ಕರೆತರಲೆಂದು ಹಿಡಿದಿಟ್ಟ ಬಸ್ಸು ಆ ಶಾಲೆಯ ಮೈದಾನದಲ್ಲೇ, ನನ್ನ ಬೆನ್ನ ಹಿಂದೆಯೇ ನಿಂತಿತ್ತು.

ಆ ವರ್ಷ ನಮ್ಮ ಬೂತಿನ ಲೆಕ್ಕದಲ್ಲಿ ಆಕೆಯೂ ಮತ ಹಾಕದವರ ಕಡೆಗೇ ಸೇರಿದಳು.

ಇನ್ನೊಂದು ಸಂಗತಿ ನಮ್ಮ ಮನೆಯದು. ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. 2024ರ ಏಪ್ರಿಲ್ 26ರ ಶುಕ್ರವಾರ, ನಾನಾಗಲೇ ನಿವೃತ್ತ. ಜೀವನದಲ್ಲಿ ಮೊದಲ ಬಾರಿಗೆ ಮತದಾನದ ದಿನ ನಿಜವಾದ ರಜೆ ಅನುಭವಿಸಿದೆ. ಬೆಳಿಗ್ಗೆಯೇ ಓಟು ಹಾಕಿ ಬಂದೆವು. ಮಗ, ಸೊಸೆ, ಮೊಮ್ಮಕ್ಕಳು ಬಂದರು. ಬೀಗರೂ ಬಂದರು. ಮಧ್ಯಾಹ್ನ ಹೋಳಿಗೆ ಊಟ. ಅಷ್ಟು ಜನರ ತಟ್ಟೆ, ಪಾತ್ರೆ ಎಂದ ಮೇಲೆ ಮನೆಗೆಲಸದಾಕೆ ಒಂದು ಸಲ ಬರುವವಳು ಆ ದಿನ ಎರಡು ಸಲ ಬಂದಳು. ನಮ್ಮ ರಜೆ ಎಂದರೆ ಆಕೆಗೆ ಇಮ್ಮಡಿ ಕೆಲಸ. ಬೇರೆ ಹಬ್ಬಗಳಲ್ಲೂ ಹಾಗೇ ಅಲ್ಲವೇ? ಹಾಗಾಗಿ ಯಾರಿಗೂ ವಿಶೇಷವೆನಿಸಲಿಲ್ಲ.

ಹತ್ತು ದಿನ ಕಳೆದು, ಮೇ 6ರ ಸೋಮವಾರ ಬೆಳಿಗ್ಗೆ ಆಕೆ ನನ್ನ ಹೆಂಡತಿಗೆ ಹೇಳುತ್ತಿದ್ದದ್ದು ಹಾಲ್‌ನಲ್ಲಿ ಪೇಪರು ಓದುತ್ತಿದ್ದ ನನಗೆ ಕೇಳಿಸಿತು. “ಅಮ್ಮಾರ, ನಾಳಿ ಬರೂದಿಲ್ರಿ. ಓಟ್ ಹಾಕಾಕ ಊರಿಗೆ ಹೊಂಟೀನ್ರಿ.”

“ಮೊನ್ನೆ ತಾನೇ ಓಟು ಆಯ್ತಲ್ಲಮ್ಮ? ಎಲ್ಲರಿಗೂ ರಜ ಇತ್ತಲ್ಲ?” ಎಂದಳು ನನ್ನಾಕೆ.

“ಅದು ನಿಮ್ಮ ಓಟ್ರಿ ಅಮ್ಮಾರ. ನಮ್ದು ನಾಳಿ.”

ಆಕೆ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವಳು. ಆ ವರ್ಷ ಕರ್ನಾಟಕದ 28 ಕ್ಷೇತ್ರಗಳಿಗೆ ಎರಡು ಹಂತದಲ್ಲಿ ಮತದಾನ. ಏಪ್ರಿಲ್ 26ರಂದು ಬೆಂಗಳೂರು, ಮೈಸೂರು, ಮಂಗಳೂರು ಸೇರಿ ದಕ್ಷಿಣದ 14. ಮೇ 7ರಂದು ರಾಯಚೂರು, ಕಲಬುರಗಿ, ಕೊಪ್ಪಳ, ವಿಜಯಪುರ, ಬೆಳಗಾವಿ ಸೇರಿ ಉಳಿದ 14. ಬೆಂಗಳೂರಿನ ಕಟ್ಟಡ ಕಟ್ಟುವವರು ಯಾರು? ರಸ್ತೆ ಅಗೆಯುವವರು, ಕೇಬಲ್ ಗುಂಡಿ ತೋಡುವವರು ಯಾರು? ಬಹುಪಾಲು ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯವರು. ಬೆಂಗಳೂರಿಗೆ ರಜೆ ಇದ್ದ ದಿನ ಅವರಿಗೆ ಓಟಿರಲಿಲ್ಲ. ಅವರಿಗೆ ಓಟಿದ್ದ ದಿನ ಬೆಂಗಳೂರಿಗೆ ರಜೆಯಿರಲಿಲ್ಲ. ಮೇ 7, ಮಂಗಳವಾರ, ಇಲ್ಲಿ ಎಂದಿನಂತೆ ಕಾಂಕ್ರೀಟು ಮಿಕ್ಸರು ತಿರುಗುತ್ತಿತ್ತು.

ಪೇಪರು ಮಡಿಚಿಟ್ಟು ಯೋಚಿಸಿದೆ. ಕಾನೂನು ರಜೆ ಕೊಟ್ಟಿರುವುದು ಊರಿಗಲ್ಲ, ಮತದಾರನಿಗೆ. ಒಂದು ಕ್ಷೇತ್ರದಲ್ಲಿ ಮತವಿದ್ದು ಬೇರೆ ಊರಲ್ಲಿ ದುಡಿಯುವವನಿಗೂ ಅವನ ಮತದಾನದ ದಿನ ಸಂಬಳದ ರಜೆ ಸಲ್ಲಬೇಕು ಎಂದು ಆಯೋಗವೂ ಸ್ಪಷ್ಟಪಡಿಸಿದೆ. ಆದರೆ ನಾವು ನಡೆಸುತ್ತಿರುವ ಪದ್ಧತಿ ಬೇರೆ. ಗೆಜೆಟ್ಟಿನಲ್ಲಿ ಊರಿಗೆ ರಜೆ ಸಾರುತ್ತೇವೆ, ಬ್ಯಾಂಕು ಬಾಗಿಲು ಹಾಕುತ್ತದೆ, ಕಚೇರಿಗೆ ಬೀಗ ಬೀಳುತ್ತದೆ, ಅಲ್ಲಿಗೆ ಕರ್ತವ್ಯ ಮುಗಿಯಿತು. ಬೀಗ ಹಾಕಲು ಬಾಗಿಲೇ ಇಲ್ಲದ ಕಡೆ ದುಡಿಯುವವರ ಗೊಡವೆ ಯಾರಿಗೂ ಇಲ್ಲ. ಮನೆಗೆಲಸದವರಂತೂ ಇನ್ನೂ ಆಚೆ. ಮನೆ ಎಂಬುದು ಆ ಕಲಮಿನ ‘ವ್ಯಾಪಾರ, ಕೈಗಾರಿಕೆ, ಸಂಸ್ಥೆ’ ಯಾವುದರೊಳಗೂ ಸುಲಭವಾಗಿ ಕೂರುವುದಿಲ್ಲ. ಮನೆಮನೆಗೆ ಊಟ ತಲುಪಿಸುವ ಬೈಕಿನ ಹುಡುಗರು? ಅವರನ್ನು ಕಂಪನಿಗಳು ನೌಕರರೆಂದೇ ಕರೆಯುವುದಿಲ್ಲ, ‘ಪಾಲುದಾರ’ರೆನ್ನುತ್ತವೆ. ರಜೆಯ ದಿನ ಆರ್ಡರು ಜಾಸ್ತಿ ಎಂದು ನಮ್ಮ ಬೀದಿಗೆ ಬರುವ ಹುಡುಗನೊಬ್ಬ ಖುಷಿಯಿಂದಲೇ ಹೇಳಿದ. ಓಟು ಎಲ್ಲಿ ಎಂದು ಕೇಳಿದೆ. ಊರಲ್ಲಿ, ಎಂದ.

‘ಊರಲ್ಲಿ’ ಎಂಬ ಈ ಉತ್ತರದಲ್ಲೇ ಅರ್ಧ ಕಥೆಯಿದೆ. ಮುಂಬೈಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕುಂದಾಪುರ, ಉಡುಪಿಯವರದ್ದೂ ಇದೇ ಉತ್ತರ. ಗಲ್ಫಿನಲ್ಲಿರುವ ಕರಾವಳಿಯವರಿಗಂತೂ ಹೆಸರು ಪಟ್ಟಿಯಲ್ಲಿ ಸೇರಿಸಿಕೊಳ್ಳುವ ಅವಕಾಶ ಬಂದಿದೆ, ಮತ ಹಾಕಲು ಮಾತ್ರ ಖುದ್ದು ಬರಬೇಕು. ವಾಸವಿರುವ ಕಡೆ ಹೆಸರು ಸೇರಿಸಿಕೊಳ್ಳಿ ಎಂದು ಕಾನೂನು ಹೇಳುವುದು ನಿಜ. ತಗಡಿನ ಶೆಡ್ಡಿನಲ್ಲಿರುವ ಗಾರೆ ಕೆಲಸದವನು ಯಾವ ವಿಳಾಸ ಬರೆದು ಕೊಡಬೇಕು? ಕಟ್ಟಡ ಮುಗಿದ ದಿನ ಅವನ ವಿಳಾಸವೂ ಮುಗಿಯುತ್ತದೆ. ಅದೂ ಅಲ್ಲದೆ, ಊರಿನ ಪಟ್ಟಿಯಿಂದ ಹೆಸರು ತೆಗೆಸಿದರೆ ಊರಿನ ನಂಟೇ ಹರಿದ ಹಾಗೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿ. ಅದನ್ನು ತಪ್ಪೆನ್ನಲು ನನಗಾಗದು. ನಾನೇ ಮೂವತ್ತು ವರ್ಷ ಹೆಸರನ್ನು ಊರಲ್ಲೇ ಇಟ್ಟುಕೊಂಡಿದ್ದೆ.

ಇದಕ್ಕೆ ಪರಿಹಾರ ಹುಡುಕಲಿಲ್ಲವೆಂದಲ್ಲ. ಇದ್ದ ಊರಿನಿಂದಲೇ ಸ್ವಂತ ಕ್ಷೇತ್ರಕ್ಕೆ ಮತ ಹಾಕುವ ಯಂತ್ರವೊಂದನ್ನು ಸಿದ್ಧಪಡಿಸಿ, 72 ಕ್ಷೇತ್ರಗಳನ್ನು ಒಂದೇ ಯಂತ್ರ ನಿಭಾಯಿಸಬಲ್ಲದೆಂದು ಆಯೋಗ ಹೇಳಿತು. 2023ರ ಜನವರಿಯಲ್ಲಿ ಪಕ್ಷಗಳನ್ನೆಲ್ಲ ಕರೆದು ತೋರಿಸಲು ಹೊರಟಿತು. ಹಲವು ಪಕ್ಷಗಳು ಸಂಶಯ ಎತ್ತಿದವು. ಅವರ ಸಂಶಯಗಳಲ್ಲಿ ಹುರುಳಿಲ್ಲದಿಲ್ಲ. ದೂರದ ಊರಿನ ಬೂತಿನಲ್ಲಿ ಏಜೆಂಟರನ್ನು ಕೂರಿಸುವುದು ಸಣ್ಣ ಪಕ್ಷಕ್ಕೆ ಆಗುವ ಮಾತಲ್ಲ. ಮರುವರ್ಷದ ಲೋಕಸಭೆ ಚುನಾವಣೆ ಆ ಯಂತ್ರವಿಲ್ಲದೆಯೇ ನಡೆಯಿತು. ಎಂಬತ್ತೈದು ದಾಟಿದವರ ಮನೆಗೇ ಹೋಗಿ, ಮಂಚದ ಪಕ್ಕ ಅಟ್ಟೆಯ ಮರೆ ಇಟ್ಟು ಮತ ಪಡೆಯುವ ವ್ಯವಸ್ಥೆ ಬಂದಿದೆ. ಅದನ್ನು ಕಂಡಾಗ, ಮನಸ್ಸು ಮಾಡಿದರೆ ನಮ್ಮ ಕೈಲಿ ಆಗದ್ದಿಲ್ಲ ಎನಿಸುತ್ತದೆ.

ರಜೆಯನ್ನೇ ತೆಗೆದುಹಾಕಿ, ಭಾನುವಾರ ಚುನಾವಣೆ ಇಡಿ ಎನ್ನುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಶನಿವಾರವೇ ಮತದಾನ, ಆದರೆ ಅಲ್ಲಿ ಮತ ಹಾಕದಿದ್ದರೆ ದಂಡವೂ ಉಂಟು. ಅಮೆರಿಕದವರು 1845ರಲ್ಲಿ ಮಾಡಿದ ಕಾನೂನಿನಂತೆ ಇಂದಿಗೂ ನವೆಂಬರಿನ ಮಂಗಳವಾರವೇ ಮತ ಹಾಕುತ್ತಾರೆ. ಭಾನುವಾರ ಚರ್ಚು ಮುಗಿಸಿ, ಸೋಮವಾರ ಗಾಡಿ ಕಟ್ಟಿ, ಮಂಗಳವಾರ ಪಟ್ಟಣ ಮುಟ್ಟುವ ರೈತನಿಗಾಗಿ ಗೊತ್ತುಮಾಡಿದ ದಿನವಂತೆ. ರೈತರು ಕಡಿಮೆಯಾದರು, ಮಂಗಳವಾರ ಉಳಿಯಿತು. ದೇಶಕ್ಕೆಲ್ಲ ರಜೆ ಕೊಡಿ ಎಂಬ ಕೂಗು ಅಲ್ಲಿ ಇನ್ನೂ ನಡೆದಿದೆ. ಅವರು ಬೇಡುತ್ತಿರುವುದು ನಮ್ಮಲ್ಲಿ 1996ರಿಂದ ಪುಸ್ತಕದಲ್ಲಿದೆ. ಅವರಿಗೆ ಹೇಳಬೇಕೆನಿಸುತ್ತದೆ, ಸ್ವಾಮಿ, ರಜೆ ಸಿಕ್ಕಿದ ಮೇಲೆ ಅದು ಯಾರ ಕೈಗೆ ಹೋಗುತ್ತದೆ ಎಂಬುದನ್ನೂ ಸ್ವಲ್ಪ ನೋಡಿಕೊಳ್ಳಿ ಎಂದು.

ನನ್ನ ತೀರ್ಮಾನ ಇಷ್ಟು. ರಜೆ ಇರಲಿ. ಅದನ್ನು ಕಿತ್ತರೆ ಮಡಿಕೇರಿಗೆ ಹೋಗುವವನಿಗೆ ನಷ್ಟವಿಲ್ಲ, ಅವನು ತನ್ನ ಖಾತೆಯ ರಜೆ ಹಾಕಿ ಹೋಗುತ್ತಾನೆ. ಪೆಟ್ಟು ಬೀಳುವುದು ಬೋರ್ಡಿನ ಮೇಲಾದರೂ ರಜೆ ಕಂಡ ಹೆಣ್ಣುಮಕ್ಕಳಿಗೆ. ಆದರೆ 1996ರ ಆ 500 ರೂಪಾಯಿ ದಂಡವನ್ನು ಇಟ್ಟುಕೊಂಡು ಕುಳಿತಿರುವುದು ಅಣಕು ಮತದಾನಕ್ಕಿಂತ ದೊಡ್ಡ ಅಣಕ. ಬದಲಿಗೆ ಭಾನುವಾರ ಕೆಲಸ ಮಾಡಿಸಿಕೊಳ್ಳುವುದನ್ನು ಕಾರ್ಮಿಕ ಇಲಾಖೆ ರಜೆ ಕೊಡದ್ದಕ್ಕೆ ಸಮ ಎಂದೇ ಎಣಿಸಬೇಕು. ಚುನಾವಣೆಗೆ ಬಸ್ಸು ಹಿಡಿಯುವಾಗ ಓಟು ಹಾಕಲು ಓಡಾಡುವವರಿಗೂ ನಾಲ್ಕು ಬಸ್ಸು ಉಳಿಸಬೇಕು. ಹೊರ ಜಿಲ್ಲೆಯಲ್ಲಿ ಮತವಿರುವ ಕೆಲಸಗಾರರ ಪಟ್ಟಿಯನ್ನು ಗುತ್ತಿಗೆದಾರರು ಮುಂಚೆಯೇ ಕೊಟ್ಟು, ಅವರ ಮತದಾನದ ದಿನದ ಕೂಲಿ ಕೊಟ್ಟ ಲೆಕ್ಕ ಒಪ್ಪಿಸಬೇಕು. ಕಷ್ಟದ ಕೆಲಸವೇ? ಅಷ್ಟೇ ಜನರ ಹಾಜರಿಯನ್ನು ಅದೇ ಗುತ್ತಿಗೆದಾರ ದಿನಾ ಬರೆಯುತ್ತಾನಲ್ಲ.

ನಮ್ಮ ಮನೆಗೆಲಸದಾಕೆ ಆ ಮೇ 6ರ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿದಳು. ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆಯಿಂದಾಗಿ ಆಕೆಗೆ ಟಿಕೆಟ್ಟಿನ ಖರ್ಚಿರಲಿಲ್ಲ. ಗುರುವಾರ ಬೆಳಿಗ್ಗೆ ಕೆಲಸಕ್ಕೆ ಬಂದಳು. ಪಾತ್ರೆ ತಿಕ್ಕುವಾಗ ಎಡಗೈ ತೋರುಬೆರಳಿನ ಶಾಯಿ ಕಾಣುತ್ತಿತ್ತು. ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯ ಶಾಯಿ ಅದು, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಹೋಗುತ್ತಿದೆ. ನನ್ನ ಬೆರಳಿನಲ್ಲೂ ಆಗ ಇನ್ನೂ ಪೂರ್ತಿ ಹೋಗಿರಲಿಲ್ಲ. ಗಂಡನೂ ಬಂದಿದ್ದನೇ ಎಂದು ಕೇಳಿದೆ. “ಇಲ್ರಿ. ಮೇಸ್ತ್ರಿ ಕೂಲಿ ಕೊಡೂದಿಲ್ಲ ಅಂದ್ರಿ. ಅವಂಗ ಬಸ್ ಚಾರ್ಜೂ ಆಕ್ಕಿತ್ರಿ” ಎಂದಳು. ಒಂದೇ ಮನೆಯ ಎರಡು ಓಟು, ಒಂದು ಬಿತ್ತು, ಒಂದು ಬೀಳಲಿಲ್ಲ.

ಕೇಳುಗರೇ, ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಚುನಾವಣೆಯ ದಿನಾಂಕ ಪ್ರಕಟವಾದ ವಾರದಲ್ಲೇ, ನಿಮ್ಮ ಮನೆಗೆ, ಅಂಗಡಿಗೆ, ನೀವು ಕಟ್ಟಿಸುತ್ತಿರುವ ಮನೆಯ ಕೆಲಸಕ್ಕೆ ಬರುವವರನ್ನು ಒಂದು ಮಾತು ಕೇಳಿ. ನಿಮ್ಮ ಓಟು ಯಾವ ಊರಲ್ಲಿ, ಯಾವತ್ತು ಅಂತ. ಹೋಗಿ ಬರಲು ಬೇಕಾದ ದಿನ ಬಿಡಿ, ಸಂಬಳ ಹಿಡಿಯಬೇಡಿ. ನಾವು ಅದನ್ನು ಕೇಳಿರಲಿಲ್ಲ.